ನೆಲಮಾಳಿಗೆಯ ಗೋಡೆ ಒಳಕ್ಕೆ ಉಬ್ಬಿದಾಗ: ಗುರುತಿಸುವ ಮತ್ತು ಸರಿಪಡಿಸುವ ಬಗೆ

ಮೈಸೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ನೆಲಮಾಳಿಗೆ ಕಾಣಸಿಗುವುದು ಕಡಿಮೆ. ಮೂವತ್ತು–ನಲವತ್ತರ ನಿವೇಶನದಲ್ಲಿ ಕಾರು ನಿಲ್ಲಿಸಲು ಜಾಗ ಸಾಲದೆಂದೋ, ರಸ್ತೆಗಿಂತ ತಗ್ಗಿನಲ್ಲಿರುವ ಜಾಗಕ್ಕೆ ಮಣ್ಣು ತುಂಬಿಸಿ ಎತ್ತರಿಸುವ ಬದಲು ಅಲ್ಲೇ ಒಂದು ಕೋಣೆ ಕಟ್ಟುವುದು ಲೇಸೆಂದೋ ಸೆಲ್ಲಾರ್ ಮಾಡುವ ರೂಢಿ ಬೆಳೆದದ್ದು ಈಚೆಗೆ. ಚಾಮುಂಡಿ ಬೆಟ್ಟದ ತಪ್ಪಲಿನಂಥ ಇಳಿಜಾರಿನಲ್ಲಿ ಮನೆಯ ಒಂದು ಮಗ್ಗುಲು ರಸ್ತೆಯ ಮಟ್ಟದಲ್ಲಿದ್ದು ಇನ್ನೊಂದು ಮಗ್ಗುಲು ಒಂದಂತಸ್ತು ಕೆಳಗಿರುವುದೂ ಉಂಟು. ಇಂಥ ಮನೆಗಳಲ್ಲಿ ಕೆಲವು ವರ್ಷ ಕಳೆದ ಮೇಲೆ, ಮಣ್ಣಿಗೆ ಒರಗಿದ ಗೋಡೆಯ ನಡುಭಾಗ ಒಳಕ್ಕೆ ಉಬ್ಬಿ, ಅಡ್ಡಡ್ಡಲಾಗಿ ಒಂದು ಬಿರುಕು ಮೂಡುತ್ತದೆ. ‘ಗೋಡೆ ಹೊಟ್ಟೆ ಬಿಟ್ಟಿದೆ’ ಎಂದು ಮೇಸ್ತ್ರಿ ಹೇಳುತ್ತಾನೆ. ಮನೆಯವರು ಹಳೆಯ ಗಾರೆ ಕೆತ್ತಿಸಿ, ಹೊಸ ಗಾರೆ ಬಳಿಸಿ, ವಾಟರ್‌ಪ್ರೂಫ್ ಬಣ್ಣ ಹೊಡೆಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಬಿರುಕು ಅದೇ ಎತ್ತರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಏಕೆಂದರೆ ತೊಂದರೆ ಇರುವುದು ಗೋಡೆಯ ಆಚೆಗಿನ ಮಣ್ಣಿನಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಆ ಮಣ್ಣಿನೊಳಗಿನ ನೀರಿನಲ್ಲಿ. ಒಳಗಿನಿಂದ ಎಷ್ಟೇ ಗಟ್ಟಿಮಾಡಿದರೂ ಆಚೆಯ ನೀರಿಗೆ ದಾರಿ ಮಾಡಿಕೊಡದ ದುರಸ್ತಿ ಅರ್ಧ ದುರಸ್ತಿಯೇ.

ಮಣ್ಣು ಎಷ್ಟು ನೂಕುತ್ತದೆ

ಮನೆಯ ಸಾಮಾನ್ಯ ಗೋಡೆ ಮೇಲಿನಿಂದ ಬರುವ ಭಾರವನ್ನು ಕೆಳಕ್ಕೆ ಇಳಿಸುತ್ತದೆ. ನೆಲಮಾಳಿಗೆಯ ಹೊರಗೋಡೆ ಈ ಕೆಲಸದ ಜೊತೆಗೆ ಪಕ್ಕದಿಂದ ನೂಕುವ ಮಣ್ಣನ್ನೂ ತಡೆಯಬೇಕು. ಈ ನೂಕು ಆಳಕ್ಕೆ ಹೋದಂತೆ ಒಂದೇ ಸಮನೆ ಏರುತ್ತದೆ. ನೆಲದ ಮಟ್ಟದಲ್ಲಿ ಸೊನ್ನೆ, ಪಾಯದ ಬಳಿ ಅತಿ ಹೆಚ್ಚು. ಸಾಧಾರಣ ಮಣ್ಣಿನ ತೂಕ ಒಂದು ಘನ ಮೀಟರಿಗೆ ಸುಮಾರು 1800 ಕಿಲೋ ಎಂದೂ, ಅಲುಗಾಡದ ಗೋಡೆಯ ಮೇಲೆ ಅದರ ಅರ್ಧದಷ್ಟು ಅಡ್ಡ ಒತ್ತಡ ಬೀಳುತ್ತದೆಂದೂ ಹಿಡಿದರೆ, ಹತ್ತು ಅಡಿ ಎತ್ತರದ ಗೋಡೆಯ ಒಂದೊಂದು ಅಡಿ ಉದ್ದದ ಮೇಲೂ ಸುಮಾರು ಒಂದೂಕಾಲು ಟನ್ ನೂಕು ಬೀಳುತ್ತದೆ. ಮೂವತ್ತು ಅಡಿ ಉದ್ದದ ಗೋಡೆಗೆ ಇದು 38 ಟನ್ನಿನಷ್ಟಾಗುತ್ತದೆ. ಎತ್ತರ ಎರಡರಷ್ಟಾದರೆ ಒಟ್ಟು ನೂಕು ನಾಲ್ಕರಷ್ಟಾಗುತ್ತದೆ, ಗೋಡೆಯನ್ನು ಬಗ್ಗಿಸುವ ಬಲವಂತೂ ಎಂಟರಷ್ಟು. ‘ಇನ್ನೆರಡು ಅಡಿ ಆಳ ಮಾಡಿಬಿಡೋಣ, ಜೆಸಿಬಿ ಹೇಗೂ ಬಂದಿದೆ’ ಎಂಬ ಮಾತು ಕೇಳಿಬಂದಾಗ ಈ ಲೆಕ್ಕ ನೆನಪಿನಲ್ಲಿರಬೇಕು.

ಇಷ್ಟೂ ಒಣ ಮಣ್ಣಿನ ಲೆಕ್ಕ. ಅದೇ ಮಣ್ಣಿನಲ್ಲಿ ನೆಲದ ಮಟ್ಟದವರೆಗೆ ನೀರು ನಿಂತರೆ ಚಿತ್ರವೇ ಬದಲಾಗುತ್ತದೆ. ಮಣ್ಣಿನ ಕಣಗಳು ನೀರಿನಲ್ಲಿ ತೇಲುವ ಬಲಕ್ಕೆ ಸಿಕ್ಕಿ ಸ್ವಲ್ಪ ಹಗುರಾಗುತ್ತವೆ, ಅವುಗಳ ನೂಕೂ ಕಡಿಮೆಯಾಗುತ್ತದೆ. ಆದರೆ ನೀರಿಗೆ ಘರ್ಷಣೆ ಎಂಬುದಿಲ್ಲವಾದ್ದರಿಂದ ಅದು ತನ್ನ ಪೂರ್ತಿ ಒತ್ತಡವನ್ನು ಪಕ್ಕಕ್ಕೂ ಹಾಕುತ್ತದೆ, ಒಂದು ಮೀಟರ್ ಆಳಕ್ಕೆ ಒಂದು ಚದರ ಮೀಟರಿನ ಮೇಲೆ ಒಂದು ಟನ್ನಿನಂತೆ. ಎರಡನ್ನೂ ಕೂಡಿಸಿದರೆ ಅದೇ ಹತ್ತು ಅಡಿ ಗೋಡೆಯ ಒಂದಡಿ ಉದ್ದಕ್ಕೆ ಎರಡು ಟನ್ ದಾಟುತ್ತದೆ, ಮೂವತ್ತು ಅಡಿಗೆ 60 ಟನ್ ದಾಟುತ್ತದೆ.

ಹಾಗಿದ್ದರೆ ಆರಿಂಚಿನ ಸಾಲಿಡ್ ಬ್ಲಾಕಿನಿಂದ ಕಟ್ಟಿದ ಸೆಲ್ಲಾರ್ ಗೋಡೆಗಳು ಇಷ್ಟು ವರ್ಷ ಹೇಗೆ ನಿಂತಿವೆ? ನಮ್ಮಲ್ಲಿ ಕಾಂಕ್ರೀಟ್ ಕಂಬಗಳನ್ನು ಎಬ್ಬಿಸಿ, ಅವುಗಳ ನಡುವೆ ಬ್ಲಾಕು ತುಂಬಿಸಿ, ಹಿಂದೆ ಮಣ್ಣು ಸುರಿದುಬಿಡುವುದು ಬಹಳ ಸಾಮಾನ್ಯ. ಕಲ್ಲು, ಇಟ್ಟಿಗೆ, ಬ್ಲಾಕಿನ ಕಟ್ಟಡ ಅದುಮುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಬಗ್ಗಿಸುವ ಭಾರವನ್ನು ತಡೆಯುವುದಿಲ್ಲ. ಒಳ್ಳೆಯ ಗಾರೆಯಲ್ಲಿ ಕಟ್ಟಿದ ಗೋಡೆಯ ವರಸೆಗಳ (ಬ್ಲಾಕಿನ ಅಡ್ಡ ಸಾಲುಗಳ) ನಡುವಿನ ಸಂದಿನಲ್ಲಿ ಎಳೆತವನ್ನು, ಅಂದರೆ ಸಂದನ್ನು ಎಳೆದು ಬಿಡಿಸುವ ಬಲವನ್ನು, ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಕಡೆಗಳಲ್ಲೂ ಕಲ್ಲು–ಇಟ್ಟಿಗೆ ಕಟ್ಟಡಗಳ ಭಾರತೀಯ ಮಾನಕವಾದ ಐ.ಎಸ್. 1905 ಸಂಹಿತೆ ಒಪ್ಪುವುದು ಒಂದು ಚದರ ಮಿಲಿಮೀಟರಿಗೆ 0.07 ನ್ಯೂಟನ್ ಮಾತ್ರ. ಪಕ್ಕದ ಕಂಬಗಳ ನೆರವನ್ನು ಬಿಟ್ಟು ನೋಡಿದರೆ, ಹತ್ತು ಅಡಿ ಒಣ ಮಣ್ಣು ಆರಿಂಚಿನ ಗೋಡೆಯಲ್ಲಿ ಹುಟ್ಟಿಸುವ ಎಳೆತ ಇದರ 50 ಪಟ್ಟಿಗೂ ಹೆಚ್ಚು. ಆದರೂ ಗೋಡೆ ನಿಂತಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಕಂಬಗಳ ನಡುವೆ ಬ್ಲಾಕುಗಳು ಕಮಾನಿನ ಹಾಗೆ ಒಂದಕ್ಕೊಂದು ಬಿಗಿದುಕೊಂಡು ಭಾರವನ್ನು ಪಕ್ಕಕ್ಕೆ ದಾಟಿಸುತ್ತವೆ. ಎರಡನೆಯದು ಹೆಚ್ಚು ಮುಖ್ಯ: ನಮ್ಮ ಕಡೆಯ ಗಟ್ಟಿ ಕೆಂಪು ಮಣ್ಣು ಒಣಗಿರುವಾಗ ತನ್ನನ್ನು ತಾನೇ ಹಿಡಿದು ನಿಲ್ಲುತ್ತದೆ. ಬಾವಿಯನ್ನೋ ಪಾಯವನ್ನೋ ತೋಡಿಸಿದವರೆಲ್ಲ ಇದನ್ನು ಕಂಡಿದ್ದಾರೆ. ಕಡಿದ ಮಣ್ಣು ಬೇಸಗೆಯಲ್ಲಿ ಆಸರೆಯಿಲ್ಲದೆ ನೆಟ್ಟಗೆ ನಿಂತಿರುತ್ತದೆ. ಅಂದರೆ ಎಷ್ಟೋ ಗೋಡೆಗಳು ಕಟ್ಟಿದ ದಿನದಿಂದ ನಿಜವಾದ ನೂಕನ್ನು ಕಂಡೇ ಇರುವುದಿಲ್ಲ. ಮಣ್ಣು ಪೂರ್ತಿ ನೆನೆದ ವರ್ಷ ಆ ಹಿಡಿತ ಸಡಿಲುತ್ತದೆ, ಗೋಡೆಯ ಪರೀಕ್ಷೆ ಅಂದು ಶುರುವಾಗುತ್ತದೆ. ‘ಹತ್ತು ವರ್ಷದಿಂದ ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ಆದ್ದರಿಂದಲೇ ಹೆಚ್ಚು ಬೆಲೆಯಿಲ್ಲ.

ಈ ನೆನೆಯುವಿಕೆ ಬಹುಮಟ್ಟಿಗೆ ಅಕ್ಟೋಬರಿನಲ್ಲಿ ಆಗುತ್ತದೆ. ಮೈಸೂರಿನಲ್ಲಿ ಜೂನ್–ಜುಲೈ ಜಿನುಗು ಮಳೆಗಿಂತ ಮೇ ತಿಂಗಳ ಮತ್ತು ಅಕ್ಟೋಬರಿನ ಜಡಿಮಳೆಗಳೇ ಜೋರು. ಅದರಲ್ಲೂ ಅಕ್ಟೋಬರಿನ ಮಳೆ ಆಗಲೇ ತಿಂಗಳುಗಟ್ಟಲೆ ನೆನೆದ ನೆಲದ ಮೇಲೆ ಬೀಳುತ್ತದೆ. 2021ರ ಅಕ್ಟೋಬರ್–ನವೆಂಬರ್ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿಯ ಕಡೆಯ ರಸ್ತೆ ಕುಸಿದದ್ದು ಇದೇ ಬಗೆಯ ನೆನೆದ ಇಳಿಜಾರಿನಲ್ಲಿ. ಮಂಡ್ಯದ ಕಡೆ ಮಳೆಯ ಜೊತೆಗೆ ನಾಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತಾಗ ಅಕ್ಕಪಕ್ಕದ ಅಂತರ್ಜಲ ಮೇಲೇರುತ್ತದೆ. ಮಳೆಯೇ ಇಲ್ಲದ ವಾರದಲ್ಲಿ ಸೆಲ್ಲಾರಿನಲ್ಲಿ ನೀರು ಜಿನುಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಗದ್ದೆಯ ಮೇಲೆ ಸಡಿಲ ಮಣ್ಣು ತುಂಬಿಸಿ ಮಾಡಿದ ಬಡಾವಣೆಗಳಲ್ಲಿ ಈ ನೀರು ಸರಾಗವಾಗಿ ಇಂಗಿ ಹೋಗುವುದೂ ಇಲ್ಲ.

ಎರೆಮಣ್ಣಿನದು ಬೇರೆಯೇ ಸ್ವಭಾವ. ಎರಡೂ ಜಿಲ್ಲೆಗಳಲ್ಲಿ ಕೆಂಪು ಮಣ್ಣೇ ಹೆಚ್ಚಾದರೂ ತಗ್ಗು ಬಯಲುಗಳಲ್ಲಿ, ನರಸೀಪುರದ ಕಡೆಯ ಹೊಲಗಳಲ್ಲಿ ಕಪ್ಪು ಮಣ್ಣಿದೆ. ಅದರೊಳಗಿನ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಗೋಡೆಯ ಹಿಂದೆ ಬಿಟ್ಟ ಬಿರುಕಿಗೆ ಪುಡಿಮಣ್ಣು ಇಳಿದು ಕೂತರೆ, ಮಳೆಗಾಲದಲ್ಲಿ ಹಿಗ್ಗುವ ಮಣ್ಣಿಗೆ ಹಳೆಯ ಜಾಗ ಸಾಲದೆ ಅದು ಗೋಡೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಉಬ್ಬುವ ಗೋಡೆಯ ಹಿಂದೆ ಹೆಚ್ಚಾಗಿ ಇಂಥ ಮಣ್ಣಿರುತ್ತದೆ. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಇದನ್ನು ತಿಳಿಯುವ ವಿಧಾನ ಸರಳ: ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ಒಂದು ಅಳತೆಯ ಜಾಡಿಯಲ್ಲಿ ನೀರಿಗೂ, ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ ಒಂದು ದಿನದ ಮೇಲೆ ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲವಾದ್ದರಿಂದ ಎರಡರ ವ್ಯತ್ಯಾಸವೇ ಆ ಮಣ್ಣಿನ ಹಿಗ್ಗುವ ಗುಣ. ದುರಸ್ತಿಗೆ ಲಕ್ಷಗಟ್ಟಲೆ ಸುರಿಯುವ ಮುನ್ನ ಈ ಸಣ್ಣ ಪರೀಕ್ಷೆಯನ್ನು ಮಾಡಿಸದಿರುವುದು ಜಾಣತನವಲ್ಲ.

ಬಿರುಕನ್ನು ಓದುವುದು

ಎಲ್ಲ ಬಿರುಕೂ ಗೋಡೆ ಬಾಗಿದ್ದರ ಗುರುತಲ್ಲ. ಗಾರೆಯ ಮೇಲಿನ ಕೂದಲೆಳೆಯ ಜಾಲ ಕೇವಲ ಗಾರೆ ಒಣಗಿದ್ದರಿಂದ ಬಂದದ್ದು. ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿಯುವ ಸಣ್ಣ ಸೀಳು ಹೆಚ್ಚಾಗಿ ಬ್ಲಾಕು ಕುಗ್ಗಿದ್ದರದು, ಅಥವಾ ಕಂಬವೂ ಬ್ಲಾಕೂ ಸೇರುವ ಜಾಗದ್ದು. ಮೆಟ್ಟಿಲಿನಂತೆ ಓರೆಯಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿರುವ ಬಿರುಕು ಪಾಯ ಕುಸಿದಿರುವುದನ್ನು ಸೂಚಿಸಬಹುದು. ಪಕ್ಕದ ನೂಕಿನಿಂದ ಬಾಗಿದ ಗೋಡೆಯ ಗುರುತು ಅಡ್ಡ ಬಿರುಕು. ಕೆಳಗೆ ನೆಲಹಾಸು, ಮೇಲೆ ಮೋಲ್ಡಿನ ತೊಲೆ ಎರಡೂ ಹಿಡಿದಿರುವ ಹತ್ತು ಅಡಿ ಗೋಡೆಯಲ್ಲಿ ಬಗ್ಗಿಸುವ ಬಲ ಅತಿ ಹೆಚ್ಚಾಗಿರುವುದು ಒಳನೆಲದಿಂದ ಸುಮಾರು ನಾಲ್ಕೂಕಾಲು ಅಡಿಯ ಮೇಲೆ, ಅಂದರೆ ನಟ್ಟನಡುವಿಗಿಂತ ತುಸು ಕೆಳಗೆ. ಆ ಆಸುಪಾಸಿನ ಒಂದು ವರಸೆಯ ಉದ್ದಕ್ಕೂ ಬಿರುಕು ಬಿಟ್ಟು, ಅದರ ಎರಡು ತುದಿಗಳಿಂದ ಮೂಲೆಗಳ ಕಡೆಗೆ ಮೆಟ್ಟಿಲು ಬಿರುಕುಗಳು ಹೊರಟಿದ್ದರೆ ಅನುಮಾನಕ್ಕೆ ಎಡೆಯಿಲ್ಲ; ಅಡ್ಡಗೋಡೆಗಳು ಮೂಲೆಗಳನ್ನು ಹಿಡಿದಿರುವುದರಿಂದ ನಡುಭಾಗ ಮಾತ್ರ ಒಳಕ್ಕೆ ಬಂದಿದೆ.

ಗೋಡೆಯ ತಲೆಯನ್ನು ಏನೂ ಹಿಡಿದಿಲ್ಲದ ಕಡೆ ಬಿರುಕು ಹೀಗೆ ಮೂಡುವುದಿಲ್ಲ. ಕಾರು ಇಳಿಯುವ ಇಳಿಜಾರಿನ ಎರಡು ಬದಿಯ ಗೋಡೆಗಳು ಇದಕ್ಕೆ ಒಳ್ಳೆಯ ಉದಾಹರಣೆ: ಅವು ಉಬ್ಬದೆ ತಲೆಯ ಕಡೆಯಿಂದ ವಾಲುತ್ತವೆ, ಸೀಳು ಬುಡದಲ್ಲಿ ಮಣ್ಣಿನ ಕಡೆಗೆ ತೆರೆಯುವುದರಿಂದ ಒಳಗಿನಿಂದ ಕಾಣುವುದೂ ಇಲ್ಲ. ಮೂರನೆಯ ಬಗೆ ಅಪರೂಪವಾದರೂ ಅಪಾಯಕಾರಿ. ಮೇಲಿನ ಗೋಡೆ ನೆಟ್ಟಗಿದ್ದು, ಅತಿ ಕೆಳಗಿನ ಒಂದೆರಡು ವರಸೆಗಳಷ್ಟೇ ಒಳಕ್ಕೆ ಜಾರಿ ನೆಲದ ಟೈಲ್ಸ್ ಎದ್ದಿರುತ್ತದೆ. ಇದನ್ನು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ.

ಗೊಂದಲ ಹುಟ್ಟಿಸುವ ಇನ್ನೆರಡನ್ನು ಬೇರೆ ಮಾಡಿಕೊಳ್ಳಬೇಕು. ತೇವಕ್ಕೆ ಗಾರೆ ಗೋಡೆಯಿಂದ ಕಳಚಿ ಉಬ್ಬಿದ್ದರೆ ಅದೂ ಹೊಟ್ಟೆ ಬಿಟ್ಟಂತೆಯೇ ಕಾಣುತ್ತದೆ. ಬೆರಳಿನ ಗೆಣ್ಣಿನಿಂದಲೋ ಕೋಲಿನಿಂದಲೋ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅಲ್ಲಿ ಗಾರೆ ಕೆತ್ತಿ ನೋಡಿದರೆ ವರಸೆಗಳು ನೆಟ್ಟಗಿರುತ್ತವೆ. ಕಾಂಕ್ರೀಟ್ ಗೋಡೆಯಲ್ಲಾದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಸರಳಿನ ಸಾಲಿನಲ್ಲೇ ಬಿರುಕು ಬರುತ್ತದೆ, ಕಂದು ಕಲೆ ಇಳಿದಿರುತ್ತದೆ. ಅದು ಬೇರೆ ರೋಗ, ಅದರ ಮದ್ದೂ ಬೇರೆ.

ಅಳೆಯುವುದಕ್ಕೆ ದಾರ ಮತ್ತು ತೂಗುಗುಂಡು ಸಾಕು. ಗೋಡೆಯ ಎರಡು ಮೂಲೆಗಳಲ್ಲಿ ಒಂದೇ ದಪ್ಪದ ಎರಡು ಮರದ ತುಂಡುಗಳನ್ನಿಟ್ಟು, ಅವುಗಳ ಮೇಲೆ ದಾರ ಬಿಗಿದು, ಎರಡೆರಡು ಅಡಿಗೊಮ್ಮೆ ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಬರೆದುಕೊಳ್ಳಬೇಕು. ಮರದ ತುಂಡಿನ ದಪ್ಪಕ್ಕಿಂತ ಅಂತರ ಎಷ್ಟು ಕಡಿಮೆಯೋ ಅಷ್ಟು ಗೋಡೆ ಉಬ್ಬಿದೆ. ಮೇಲಿನಿಂದ ಗುಂಡು ಬಿಟ್ಟು ಒಂದೊಂದು ಅಡಿಗೆ ಅಳೆದರೆ ಅದು ಉಬ್ಬೋ ವಾಲೋ ಎಂಬುದು ಗೊತ್ತಾಗುತ್ತದೆ. ಉಬ್ಬಿದ ಗೋಡೆಯ ಮೇಲೆ ಗಾರೆಯನ್ನು ದಪ್ಪಗೆ ಬಳಿದು ನೆಟ್ಟಗೆ ಮಾಡಿರುವುದೂ ಉಂಟು; ಮಾರಾಟಕ್ಕಿರುವ ಮನೆಯಾದರೆ ಈ ಅನುಮಾನ ಇಟ್ಟುಕೊಂಡೇ ಅಳೆಯಬೇಕು. ಉಬ್ಬು ಹಳೆಯದೋ, ಇನ್ನೂ ನಡೆಯುತ್ತಿದೆಯೋ ಎಂಬ ಪ್ರಶ್ನೆಗೆ ಒಂದು ಅಳತೆ ಉತ್ತರ ಕೊಡಲಾರದು. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯನ್ನು ಎರಡು ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆದಿಡುವುದು ಹಳೆಯ, ನಂಬಬಹುದಾದ ಕ್ರಮ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಏಪ್ರಿಲಿನ ಅಳತೆಯನ್ನೂ ನವೆಂಬರಿನ ಅಳತೆಯನ್ನೂ ಹೋಲಿಸಿದರೆ ಮಳೆಗಾಲದ ಪಾಲೆಷ್ಟು ಎಂಬುದು ತಿಳಿಯುತ್ತದೆ.

ಎಷ್ಟು ಉಬ್ಬಿದರೆ ಅಪಾಯ ಎಂಬುದಕ್ಕೆ ಎಲ್ಲ ಗೋಡೆಗೂ ಒಪ್ಪುವ ಒಂದು ಸಂಖ್ಯೆಯಿಲ್ಲ. ದುರಸ್ತಿಗಾರರ ರೂಢಿಯ ಅಂದಾಜು ಹೀಗಿದೆ: ಒಂದಿಂಚಿನೊಳಗಿದ್ದು ಬೆಳೆಯದಿದ್ದರೆ ನೀರನ್ನು ಸರಿಪಡಿಸಿ ಗಮನಿಸುತ್ತಿರಬಹುದು, ಒಂದರಿಂದ ಎರಡಿಂಚಾದರೆ ಗೋಡೆಗೆ ಒಳಗಿನ ಆಸರೆ ಬೇಕು, ಎರಡಿಂಚು ಮೀರಿದರೆ ಭಾರಿ ಕೆಲಸ. ತೆಳು ಗೋಡೆಗೆ ಈ ಅಂಕಿಗಳು ಉದಾರವಾದುವೆಂದೇ ನನ್ನ ಅಭಿಪ್ರಾಯ. ಕಬ್ಬಿಣವಿಲ್ಲದ ಗೋಡೆಯಲ್ಲಿ ಮೇಲಿನ ಭಾರ ಗೋಡೆಯ ದಪ್ಪದ ನಡುವಿನ ಮೂರನೇ ಒಂದು ಭಾಗದೊಳಗೆ ಇಳಿಯುತ್ತಿರುವವರೆಗೆ ಎಲ್ಲೂ ಎಳೆತ ಹುಟ್ಟುವುದಿಲ್ಲ. ಆರಿಂಚಿನ ಗೋಡೆಯಲ್ಲಿ ಆ ನಡುವಿನ ಭಾಗ ಎರಡೇ ಇಂಚು, ಅಂದರೆ ಮಧ್ಯರೇಖೆಯಿಂದ ಅತ್ತಿತ್ತ ಒಂದೊಂದು ಇಂಚು. ಆ ಗೋಡೆಗೆ ಒಂದಿಂಚಿನ ಉಬ್ಬೇ ಎಂಜಿನಿಯರನ್ನು ಕರೆಸಲು ಸಾಕಾದ ಕಾರಣ, ಒಂದೂವರೆ ಅಡಿಯ ಸೈಜುಗಲ್ಲಿನ ಗೋಡೆಗೆ ಅದು ಅಷ್ಟು ಗಾಬರಿಯ ವಿಷಯವಲ್ಲ.

ಮೊದಲು ನೀರು, ಆಮೇಲೆ ಗೋಡೆ

ಒಂದು ಬಕೆಟ್ ಸಿಮೆಂಟ್ ಕಲಸುವ ಮುಂಚೆ ಗೋಡೆಯ ಆಚೆ ಹೋಗಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ತಾರಸಿಯಿಂದ ಇಳಿಯುವ ಕೊಳವೆ ಗೋಡೆಯ ಬುಡದಲ್ಲೇ ನೀರು ಸುರಿಯುತ್ತಿರಬಹುದು. ಪಕ್ಕದ ಸಂಪು ಸೋರುತ್ತಿರಬಹುದು. ಸಂಜೆ ತುಂಬಿಸಿ, ನೀರು ಬಳಸದೆ, ಬೆಳಗ್ಗೆ ಮಟ್ಟ ನೋಡಿದರೆ ಗೊತ್ತಾಗುತ್ತದೆ. ಒಳಚರಂಡಿ ಕೊಳವೆಯ ಕೂಡು ಒಡೆದಿರಬಹುದು, ಶೌಚದ ಇಂಗುಗುಂಡಿ ಹತ್ತಿರವಿರಬಹುದು, ಕಿಟಕಿಯ ಕೆಳಗಿನ ಕೈತೋಟಕ್ಕೆ ದಿನವೂ ಪೈಪು ಬಿಡುತ್ತಿರಬಹುದು. ಮಳೆನೀರು ಇಂಗುಗುಂಡಿ ಇನ್ನೊಂದು ಹೊಸ ಕಾರಣ. ಮಳೆನೀರು ಇಂಗಿಸುವುದು ಒಳ್ಳೆಯದೇ, ಆದರೆ ಜಾಗವಿಲ್ಲವೆಂದು ಆ ಗುಂಡಿಯನ್ನು ಸೆಲ್ಲಾರ್ ಗೋಡೆಯ ಮಗ್ಗುಲಿಗೇ ತೋಡಿದರೆ, ಇಡೀ ತಾರಸಿಯ ನೀರನ್ನು ಗೋಡೆಯ ಹಿಂದಕ್ಕೆ ತಂದು ನಿಲ್ಲಿಸಿದಂತಾಗುತ್ತದೆ. ನೀರಷ್ಟೇ ಅಲ್ಲ, ಭಾರವೂ ಎಣಿಕೆಗೆ ಬರುತ್ತದೆ. ಗೋಡೆಯ ಹಿಂದಿನ ನೆಲದ ಮೇಲೆ ಐದಡಿ ಎತ್ತರಕ್ಕೆ ಅಗಲವಾಗಿ ಎಂ ಸ್ಯಾಂಡ್ ಸುರಿದರೆ ಹತ್ತು ಅಡಿ ಗೋಡೆಯ ಮೇಲಿನ ಒಣ ಮಣ್ಣಿನ ನೂಕು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೊದಲ ಅಂತಸ್ತು ಕಟ್ಟಿಸಲು ಲಾರಿಗಟ್ಟಲೆ ಜಲ್ಲಿ, ಮರಳು ತರಿಸಿದ ವರ್ಷವೇ ಸೆಲ್ಲಾರ್ ಗೋಡೆ ಬಿರಿಯುವುದರಲ್ಲಿ ಗೂಢವೇನಿಲ್ಲ.

ಮೇಲಿನ ನೀರನ್ನು ತಿರುಗಿಸಿ, ನೆಲವನ್ನು ಮನೆಯಿಂದ ಹೊರಕ್ಕೆ ಇಳಿಜಾರಾಗುವಂತೆ ಮಾಡಿ, ಮೇಲ್ಮೈಗೆ ಕಾಂಕ್ರೀಟಿನ ಪಟ್ಟಿ ಹಾಕಿಸಿದರೆ ಅರ್ಧ ಕೆಲಸ ಆಗುತ್ತದೆ, ಖರ್ಚೂ ಕಡಿಮೆ. ಅಂತರ್ಜಲವೇ ಮೇಲೇರುವ ಜಾಗದಲ್ಲಿ ಇದು ಸಾಲದು. ಅಲ್ಲಿ ಹೊರಗಿನ ಮಣ್ಣನ್ನು ಪಾಯದವರೆಗೆ ತೆಗೆದು, ಬುಡದಲ್ಲಿ ರಂಧ್ರಗಳಿರುವ ಪಿವಿಸಿ ಕೊಳವೆಯನ್ನು ಜಲ್ಲಿಯ ನಡುವೆ ಹಾಸಿ, ಮಣ್ಣು ನುಗ್ಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ನೀರನ್ನು ತಗ್ಗಿನ ಕಡೆಗೋ ಪಂಪು ಇರುವ ಗುಂಡಿಗೋ ಸಾಗಿಸಬೇಕು. ಗೋಡೆಯ ಹೊರಮೈಗೆ ನೀರುತಡೆಯ ಲೇಪ ಕೊಡಲು ಇದೇ ಸಮಯ. ಒಳಮೈಗೆ ಹಚ್ಚುವ ಲೇಪ ನೀರು ಕಾಣದಂತೆ ಮಾಡುತ್ತದೆಯೇ ಹೊರತು ಅದರ ಒತ್ತಡವನ್ನು ಇಳಿಸುವುದಿಲ್ಲ. ತೆಗೆದ ಎರೆಮಣ್ಣನ್ನು ಮತ್ತೆ ತುಂಬಬಾರದು, ಹಿಗ್ಗದ ಗೊಚ್ಚು ಮಣ್ಣನ್ನೋ ಜಲ್ಲಿಯನ್ನೋ ಪದರ ಪದರವಾಗಿ ತುಂಬಬೇಕು. ಮಣ್ಣು ತೆಗೆಯುವಾಗ ಒಂದೇ ಬಾರಿಗೆ ಉದ್ದಕ್ಕೂ ಕಾಲುವೆ ತೋಡುವುದು ಅಪಾಯ. ನೆನೆದ ಮಣ್ಣಿನ ಎಂಟು–ಹತ್ತು ಅಡಿ ಕಾಲುವೆ ಕುಸಿದರೆ ಒಳಗಿರುವ ಕೂಲಿಯವರು ಮೇಲೆ ಬರುವ ಮಾತಿಲ್ಲ; ಬದಿಗೆ ಹಲಗೆ ಮತ್ತು ಅಡ್ಡಗಂಬಗಳ ಆಸರೆಯಿಲ್ಲದೆ ಯಾರನ್ನೂ ಇಳಿಸಬಾರದು.

ಆಮೇಲೆ ಗೋಡೆಯ ಸರದಿ. ಉಬ್ಬು ಕಡಿಮೆಯಿದ್ದು ಗೋಡೆ ಗಟ್ಟಿಯಾಗಿದ್ದರೆ ಎಪಾಕ್ಸಿಯಿಂದ ಕಾರ್ಬನ್ ಫೈಬರ್ ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ಅಂಟಿಸುತ್ತಾರೆ. ಜಾಗ ತಿನ್ನುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಅದು ಗೋಡೆಯನ್ನು ಇದ್ದಲ್ಲೇ ನಿಲ್ಲಿಸುತ್ತದೆ, ನೆಟ್ಟಗೆ ಮಾಡುವುದಿಲ್ಲ. ಗೋಡೆ ಒದ್ದೆಯಿದ್ದರೆ ಅಂಟು ಹಿಡಿಯುವುದಿಲ್ಲ. ಪಟ್ಟಿಯ ಎರಡು ತುದಿಗಳನ್ನು ಪಾಯಕ್ಕೂ ಮೇಲಿನ ತೊಲೆಗೂ ಬಿಗಿಯದಿದ್ದರೆ ಗೋಡೆ ಬುಡದಲ್ಲಿ ಜಾರುವುದನ್ನು ಅದು ತಡೆಯದು. ನಮ್ಮ ಊರುಗಳ ಕೆಲಸಗಾರರ ಕೈಗೆ ಹೆಚ್ಚು ಹೊಂದುವುದು ಐ ಆಕಾರದ ಕಬ್ಬಿಣದ ಗರ್ಡರುಗಳನ್ನು ನಾಲ್ಕೈದು ಅಡಿಗೊಂದರಂತೆ ಗೋಡೆಗೆ ಆನಿಸಿ ನಿಲ್ಲಿಸುವುದು. ಇದರ ಗುಟ್ಟೆಲ್ಲ ಎರಡು ತುದಿಗಳಲ್ಲಿದೆ: ಬುಡವನ್ನು ನೆಲದ ಕಾಂಕ್ರೀಟಿಗೂ ತಲೆಯನ್ನು ಮೋಲ್ಡಿನ ತೊಲೆಗೂ ಭದ್ರವಾಗಿ ಬಿಗಿಯಬೇಕು. ಎರಡಿಂಚಿನ ತೆಳು ನೆಲಹಾಸಿನ ಮೇಲೆ ನಿಲ್ಲಿಸಿದ ಗರ್ಡರು ಆ ನೆಲವನ್ನೇ ಸೀಳುತ್ತದೆ. ಗೋಡೆಗೂ ಗರ್ಡರಿಗೂ ನಡುವೆ ಉಳಿದ ಸಂದನ್ನು ಕುಗ್ಗದ ಗ್ರೌಟಿನಿಂದ ತುಂಬದಿದ್ದರೆ, ಆ ಸಂದು ಮುಚ್ಚುವವರೆಗೆ ಗೋಡೆ ಇನ್ನಷ್ಟು ಉಬ್ಬಿದ ಮೇಲೆಯೇ ಆಸರೆ ಸಿಗುವುದು.

ನಾಲ್ಕರಿಂದ ಆರಿಂಚು ಜಾಗ ಬಿಟ್ಟುಕೊಡಬಹುದಾದರೆ ಒಳಗಡೆ ಕಬ್ಬಿಣದ ಜಾಲರಿ ಕಟ್ಟಿದ ಹೊಸ ಕಾಂಕ್ರೀಟ್ ಗೋಡೆಯನ್ನೇ ಎಬ್ಬಿಸುವುದು ಉತ್ತಮ ಎಂದು ನನಗೆ ಅನ್ನಿಸುತ್ತದೆ. ಸರಳುಗಳನ್ನು ಪಾಯಕ್ಕೆ, ಕಂಬಗಳಿಗೆ, ಮೇಲಿನ ತೊಲೆಗೆ ರಂಧ್ರ ಕೊರೆದು ನೆಟ್ಟರೆ ಮುಂದಿನ ನೂಕೆಲ್ಲ ಹೊಸ ಗೋಡೆಯದು. ಹಳೆಯ ಬ್ಲಾಕು ಅಚ್ಚಿನಂತೆ ಹಿಂದೆ ನಿಂತಿರುತ್ತದೆ. ನೆಲದೊಳಗೆ ಉದ್ದ ಸರಳು ಕೊರೆದು ಮಣ್ಣಿಗೇ ಬಿಗಿಯುವ ವಿಧಾನವೂ ಇದೆಯಾದರೂ ಅಕ್ಕಪಕ್ಕ ಅಂಟಿಕೊಂಡ ನಿವೇಶನಗಳಲ್ಲಿ ಆ ಸರಳು ನೆರೆಯವರ ಜಾಗಕ್ಕೆ ಹೋಗುತ್ತದೆ, ಅದು ಬೇರೆ ತಕರಾರು. ಬುಡ ಜಾರಿದ, ಅಥವಾ ಕೈಯಿಟ್ಟರೆ ಬ್ಲಾಕು ಅಲುಗುವ ಗೋಡೆಯನ್ನು ಉಳಿಸುವ ಯತ್ನ ಬೇಡ. ಮೊದಲು ಮೇಲಿನ ಮೋಲ್ಡಿಗೆ ಜಾಕ್‌ಗಳ ಆಸರೆ ಕೊಟ್ಟು, ಹೊರಗಿನ ಮಣ್ಣು ಇಳಿಸಿ, ಒಂದು ಬಿಟ್ಟು ಒಂದು ತುಂಡಿನಂತೆ ಬಿಚ್ಚಿ ಕಾಂಕ್ರೀಟಿನಲ್ಲಿ ಕಟ್ಟಬೇಕು. ಯಾವ ಕ್ರಮವಾದರೂ ಸ್ಟ್ರಕ್ಚರಲ್ ಎಂಜಿನಿಯರಿಂದ ನಕ್ಷೆ ಮತ್ತು ಲೆಕ್ಕ ಬರೆಸಿಕೊಂಡ ಮೇಲೆಯೇ ಕೆಲಸಕ್ಕೆ ದರ ಕೇಳುವುದು ಒಳ್ಳೆಯದು. ರಾಸಾಯನಿಕ ಮಾರುವವನ ಕಣ್ಣಿಗೆ ಎಲ್ಲ ಗೋಡೆಗೂ ರಾಸಾಯನಿಕವೇ ಮದ್ದಾಗಿ ಕಾಣುತ್ತದೆ.

ನೆರೆಯವರು ಸೆಲ್ಲಾರ್ ತೋಡಲು ಹೊರಟಾಗ ಕಾನೂನಿನ ಒಂದು ಅಂಶ ತಿಳಿದಿರಬೇಕು. 1882ರ ಭಾರತೀಯ ಸುಖಾಧಿಕಾರ ಕಾಯ್ದೆಯ (ಈಸ್‌ಮೆಂಟ್ಸ್ ಆಕ್ಟ್) 7ನೇ ಕಲಮಿನ ಉದಾಹರಣೆಗಳ ಪ್ರಕಾರ, ಸಹಜ ಸ್ಥಿತಿಯಲ್ಲಿರುವ ನೆಲಕ್ಕೆ ಪಕ್ಕದ ನೆಲದಿಂದ ಸಹಜವಾಗಿ ದೊರೆಯುವ ಆಸರೆ ಮಾಲೀಕನ ಹಕ್ಕು. ಕಟ್ಟಡದ ಭಾರ ಹೊತ್ತ ನೆಲಕ್ಕೆ ಅದು ತಾನಾಗಿ ಬರುವುದಿಲ್ಲ. 15ನೇ ಕಲಮಿನಂತೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದು, ಆಸರೆ ಪಡೆದುಕೊಂಡು ಬಂದಿದ್ದರೆ ಮಾತ್ರ ದೊರೆಯುತ್ತದೆ. ಆದಕಾರಣ ಹೊಸ ಮನೆಯವರು ಕಾಯ್ದೆಯನ್ನೇ ನೆಚ್ಚಿ ಕೂರುವ ಹಾಗಿಲ್ಲ. ಪಕ್ಕದ ನಿವೇಶನಕ್ಕೆ ಜೆಸಿಬಿ ಇಳಿಯುವ ಮುಂಚೆಯೇ ತಮ್ಮ ಗೋಡೆಗೆ ದಾರ ಹಿಡಿದು ಅಳೆದು, ಇರುವ ಬಿರುಕುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತಾರೀಖಿನ ಸಮೇತ ಫೋಟೋ ತೆಗೆದು, ಅದರ ಒಂದು ಪ್ರತಿಯನ್ನು ನೆರೆಯವರಿಗೂ ಅವರ ಎಂಜಿನಿಯರಿಗೂ ಕೊಟ್ಟಿರಬೇಕು.